ಊರ ಗಂಟು, ನನ್ನ ಲಾಗಿನ್

ಇದನ್ನು ಬರೆಯಲೇ ಎಂದು ಮೊದಲು ನಮ್ಮ ಲ್ಯಾಬಿನ ಸಿರುಗುಪ್ಪದ ಸೆಂಟರ್ ನೋಡುವಾಕೆಯನ್ನೇ ಕೇಳಿದೆ. ಕೇಳದೆ ಮಾಡಿದ್ದರಿಂದಲೇ ಒಮ್ಮೆ ಆಗಬಾರದ್ದು ಆಗಿಹೋಗಿದೆ. ಆಕೆ "ರೋಗದ ಹೆಸರು ಬರೀರಿ ಅಕ್ಕಾರ, ನನ್ನ ಹೆಸರು ಬ್ಯಾಡ" ಅಂದಳು. ಆಕೆಯದೇ ಇಲ್ಲ ಅಂದಮೇಲೆ ಉಳಿದವರದು ಯಾಕೆ? ಇಲ್ಲಿ ಯಾರ ಹೆಸರೂ ಇಲ್ಲ. ಸಿಟ್ಟು ಮಾತ್ರ ಇದೆ, ಅದು ನನ್ನದು.

ಬಳ್ಳಾರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಹಿರಿಯ ಟೆಕ್ನಿಷಿಯನ್. ಕೌಲ್ ಬಜಾರಿನ ನಮ್ಮ ಮನೆಯಿಂದ ಆಟೋಗಳ ನಡುವೆ ನುಸುಳಿಕೊಂಡು ನಡೆದೇ ಹೋಗುವಷ್ಟು ಹತ್ತಿರ. ಮದುವೆಯಾದ ವರ್ಷ ಸೇರಿದವಳು, ಈಗ ನನ್ನ ಮಗಳಿಗೇ ಮಗಳಿದ್ದಾಳೆ. ಲ್ಯಾಬಿನ ಯಜಮಾನರು ಡಾಕ್ಟರು. ಕೆಟ್ಟವರಲ್ಲ. ಆದರೆ ಹೊಸದೇನಾದರೂ ಬೇಕು, ಅದರ ಜೊತೆ ಬರುವ ಕಟ್ಟುಪಾಡು ಬೇಡ ಅನ್ನುವ ಪೈಕಿ. ನಮಗೆ ಎರಡು ಕಡೆ ರಕ್ತ ತೆಗೆಯುವ ಸೆಂಟರುಗಳಿವೆ, ಒಂದು ಸಿರುಗುಪ್ಪದಲ್ಲಿ, ಇನ್ನೊಂದು ಕುರುಗೋಡಿನಲ್ಲಿ. ಅಲ್ಲಿ ಬೆಳಿಗ್ಗೆ ತೆಗೆದ ರಕ್ತ ಐಸ್ ಇಟ್ಟ ಡಬ್ಬಿಯಲ್ಲಿ ಬಸ್ಸು ಹತ್ತಿ ಬಳ್ಳಾರಿಗೆ ಬರುತ್ತದೆ, ಪರೀಕ್ಷೆಯಾಗಿ ರಿಪೋರ್ಟು ಅಲ್ಲಿಗೆ ವಾಪಸ್ ಹೋಗುತ್ತದೆ.

ಹಿಂದೆಲ್ಲ ರಿಪೋರ್ಟು ಹೋಗುತ್ತಿದ್ದದ್ದು ಊರ ಗಂಟಾಗಿ. ಒಂದೊಂದು ಊರಿನವರ ಕಾಗದಗಳನ್ನೆಲ್ಲ ಒಟ್ಟಿಗೆ ಸೇರಿಸಿ, ರಬ್ಬರ್ ಹಾಕಿ, ಮೇಲೆ ಊರ ಹೆಸರು ಬರೆದು ಸೆಂಟರಿನಲ್ಲಿ ಇಡುತ್ತಿದ್ದರು. ಆ ಊರಿನಿಂದ ಸಂತೆಗೋ ಗೊಬ್ಬರಕ್ಕೋ ಬಂದವರು ಯಾರಾದರೂ ಸರಿ, ಬಾಗಿಲಲ್ಲಿ ನಿಂತು "ನಮ್ಮೂರ ಗಂಟು ಕೊಡ್ರಿ" ಅಂದರೆ ಮುಗಿಯಿತು. ದೇಶನೂರಿನ ಗಂಟನ್ನು ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಒಯ್ಯುತ್ತಿದ್ದ, ತೆಕ್ಕಲಕೋಟೆಯದನ್ನು ಬಳೆ ಮಾರುವ ಹೆಂಗಸು. ನಾಟಿಯ ದಿನಗಳಲ್ಲಿ ಒಂದು ಕಾಗದಕ್ಕೋಸ್ಕರ ಕೂಲಿ ಬಿಟ್ಟು ಬರುವುದೆಂದರೆ ತಮಾಷೆಯೇ? ಊರಿಗೆ ಊರೇ ಒಬ್ಬರ ಕೆಲಸ ಒಬ್ಬರು ಮಾಡಿಕೊಳ್ಳುತ್ತಿತ್ತು. ನನಗೂ ಅದು ಚಂದವೇ ಕಾಣುತ್ತಿತ್ತು. ಒಯ್ದವರು ಓದುತ್ತಿರಲಿಲ್ಲವೇ ಅಂದರೆ, ಓದುತ್ತಿದ್ದರೇನೋ, ಆದರೆ ಇಂಗ್ಲಿಷಿನ ಆ ಸಣ್ಣ ಅಕ್ಷರ ಓದಿದವರಿಗೂ ತಿಳಿಯುತ್ತಿರಲಿಲ್ಲ. ಯಾರ ರಿಪೋರ್ಟು ಯಾರ ಕೈಗೆ ಕೊಡಬೇಕೆಂದು ನಾವು ಯಾವತ್ತೂ ರೋಗಿಯನ್ನು ಕೇಳಿದ್ದಿಲ್ಲ. ಕೇಳಬೇಕೆಂದು ಹೊಳೆದದ್ದೂ ಇಲ್ಲ.

ಈ ಗಂಟಿನ ಪದ್ಧತಿ ಶುರು ಮಾಡಿದವರು ಕುರುಗೋಡಿನ ಸೆಂಟರ್ ನೋಡುವ ಅಣ್ಣ. ಒಡಹುಟ್ಟಿದವರಲ್ಲ, ನನಗಿಂತ ಎರಡು ವರ್ಷ ದೊಡ್ಡವರೆಂದು ಅಣ್ಣ ಅನ್ನುತ್ತೇನೆ. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯ ಎಮ್ಮೆ ಯಾವಾಗ ಈದಿತು ಎನ್ನುವುದೂ ಅವರಿಗೆ ಗೊತ್ತು. ಸಿರುಗುಪ್ಪದ ಸೆಂಟರ್ ನೋಡುವಾಕೆ ತೆಕ್ಕಲಕೋಟೆಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಅಪ್ಪ ಅವ್ವ ಇಬ್ಬರೂ ಗದ್ದೆಯಲ್ಲಿ ಕೂಲಿ ಮಾಡಿದವರು. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಹಿಡಿದ ಮೊದಲನೆಯವಳು ಆಕೆ. ಇಂಥವರ ಕೈಗೆ ತೋಳು ಕೊಡಲು ಹಿಂದೆ ಮುಂದೆ ನೋಡುವ ಮಂದಿ ನಮ್ಮ ಕಡೆ ಈಗಲೂ ಇದ್ದಾರೆ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಆದರೆ ಆಕೆಯ ಕೈ ಅವರೆಲ್ಲರ ಬಾಯಿ ಮುಚ್ಚಿಸಿತ್ತು. ನರ ಸಿಗದ ಮುದುಕಿಯರಿಗೂ ಒಂದೇ ಸಲಕ್ಕೆ ಸಿಗುತ್ತಿತ್ತು. "ಆಕಿ ಚುಚ್ಚಿದ್ರ ಇರುವಿ ಕಡದಂಗೂ ಆಗಂಗಿಲ್ಲ" ಎಂದು ಹುಡುಕಿಕೊಂಡು ಬರುತ್ತಿದ್ದರು. ಆ ಹೆಸರು ಗಳಿಸಲು ಆಕೆಗೆ ಆರು ವರ್ಷ ಹಿಡಿಯಿತು.

ಒಂದು ಬೇಸಿಗೆಯಲ್ಲಿ ನಮ್ಮ ಟೇಬಲ್ಲಿನ ಕೆಳಗಿದ್ದ ಕಂಪ್ಯೂಟರು ಸತ್ತಿತು. ಬಳ್ಳಾರಿಯ ಬಿಸಿಲಿಗೆ ಮನುಷ್ಯರೇ ಬಾಡಿ ಬೀಳುವಾಗ ಅದರದೇನು ಪಾಡು. ಅದರೊಳಗಿದ್ದ ಮೂರು ತಿಂಗಳ ರಿಪೋರ್ಟುಗಳೂ ಹೋದವು, ಮಂದಿ ಬಂದು ಬಾಯಿಗೆ ಬಂದಂತೆ ಬೈದು ಹೋದರು. ಆಗ ಡಾಕ್ಟರು ಕ್ಲೌಡಿಗೆ ಹೋಗುವ ತೀರ್ಮಾನ ಮಾಡಿದರು. ಇನ್ನು ಮುಂದೆ ರಿಪೋರ್ಟುಗಳು ನಮ್ಮ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಎಲ್ಲೋ ದೂರದ ದೊಡ್ಡ ಯಂತ್ರಗಳಲ್ಲಿ ಇರುತ್ತವೆ, ಮೂರೂ ಊರಿನಿಂದ ಇಂಟರ್ನೆಟ್ ಮೂಲಕ ತೆರೆಯಬಹುದು, ಯಾವ ಬಿಸಿಲಿಗೂ ಸಾಯುವುದಿಲ್ಲ. ನಿಜ ಹೇಳಬೇಕೆಂದರೆ ಅದು ಸರಿಯಾದ ತೀರ್ಮಾನವೇ. ಕ್ಲೌಡಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಪಾಪ, ಅದು ಹೇಳಿದಂತೆ ಕೇಳಿತು.

ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದು ಎರಡು ದಿನ ಕೂತು ಕಲಿಸಿದ. "ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡೋಣ. ಸಿರುಗುಪ್ಪದವರಿಗೆ ಸಿರುಗುಪ್ಪದ್ದು, ಕುರುಗೋಡಿನವರಿಗೆ ಕುರುಗೋಡಿನದ್ದು ಮಾತ್ರ ಕಾಣಲಿ. ಯಾರು ಯಾವ ರಿಪೋರ್ಟ್ ತೆರೆದರು ಅಂತ ಅವರವರ ಹೆಸರಿನಲ್ಲಿ ದಾಖಲಾಗುತ್ತೆ" ಅಂದ.

ಡಾಕ್ಟರು ಬೇಡವೆಂದು ಕೈ ಅಲ್ಲಾಡಿಸಿಬಿಟ್ಟರು. "ಅದೆಲ್ಲಾ ಬ್ಯಾಂಕಿನವರಿಗೆ ಬೇಕಪ್ಪ. ನಮ್ಮಲ್ಲಿ ಎಲ್ಲಾ ಮನಿ ಮಂದಿ ಇದ್ದಂಗ. ಮನ್ಯಾಗ ಒಬ್ಬೊಬ್ಬರಿಗೆ ಒಂದೊಂದು ಕೀಲಿ ಕೊಡತಾರೇನು? ಒಂದ ಲಾಗಿನ್ ಸಾಕು, ಅಮ್ಮನ ಹೆಸರ್ಲೆ ಮಾಡು" ಎಂದು ನನ್ನ ಕಡೆ ತೋರಿಸಿದರು.

"ಸಾರ್, ರಿಪೋರ್ಟುಗಳಿರೋ ಜಾಗಕ್ಕೆ ನಾವು ಕಾವಲು ಇರ್ತೀವಿ. ಬಾಗಿಲಿಗೆ ಮಾತ್ರ ನೀವೇ ಕಾವಲು" ಎಂದು ಆತ ಎರಡು ಸಲ ಹೇಳಿದ. ಕೇಳುವವರು ಬೇಕಲ್ಲ.

ನಾನಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಪರದೆಯ ಮೂಲೆಯಲ್ಲಿ ನನ್ನ ಹೆಸರು ಇಂಗ್ಲಿಷಿನಲ್ಲಿ ಮೂಡಿದ್ದನ್ನು ನೋಡಿ ಒಳಗೊಳಗೇ ಉಬ್ಬಿದ್ದೆ. ಇಡೀ ಲ್ಯಾಬಿನ ಬೀಗದ ಕೈ ನನ್ನ ಹೆಸರಿನಲ್ಲಿ! ಮನೆಗೆ ಹೋಗಿ ಗಂಡನಿಗೂ ಹೇಳಿದೆ. ಪಾಸ್‌ವರ್ಡ್ ಏನಿಟ್ಟೆವು ಅಂತೀರಿ? ಡಾಕ್ಟರ ಮನೆದೇವರ ಹೆಸರು, ಮುಂದೆ ಒಂದು ಎರಡು ಮೂರು. ಸೆಂಟರಿನವರು ಪದೇಪದೇ ಫೋನ್ ಮಾಡಿ ಕೇಳದಿರಲೆಂದು ಅದನ್ನು ಚೀಟಿಯಲ್ಲಿ ದಪ್ಪಗೆ ಬರೆದು ಎರಡು ಕಡೆಗೂ ಕಳಿಸಿದವಳು ನಾನೇ. ಗೋಡೆಗೆ ಅಂಟಿಸಿಕೊಳ್ಳಿ ಎಂದೂ ಹೇಳಿದೆ. ಅಂಟಿಸಿಕೊಂಡರು.

ಅದರ ಮೇಲೆ ದಿನಾ ಬೆಳಿಗ್ಗೆ ಒಳಗೆ ಹೋಗಬೇಕೆಂದರೆ ಫೋನಿಗೆ ಆರು ಅಂಕಿಯ ಓಟಿಪಿ ಬರುತ್ತಿತ್ತು. ಒಂದೇ ಲಾಗಿನ್, ಹಾಗಾಗಿ ಬರುತ್ತಿದ್ದದ್ದು ನನ್ನ ಫೋನಿಗೆ ಮಾತ್ರ. "ಅಕ್ಕಾರ, ನಂಬರ್ ಹೇಳ್ರಿ" ಎಂದು ಸಿರುಗುಪ್ಪದಿಂದ, "ತಂಗೆವ್ವಾ, ನಂಬರ್ ಬಂತೇನು?" ಎಂದು ಕುರುಗೋಡಿನಿಂದ. ಒಗ್ಗರಣೆಗೆ ಸಾಸಿವೆ ಹಾಕುತ್ತ ಹೇಳಿದ್ದೇನೆ. ಬೀಗರ ಮನೆಯ ಮದುವೆಯಲ್ಲಿ ಅಕ್ಷತೆ ಹಿಡಿದುಕೊಂಡು ಹೇಳಿದ್ದೇನೆ. ತರಕಾರಿ ಕೊಳ್ಳುವಲ್ಲಿ ಕೂಗಿ ಹೇಳಿದ್ದಕ್ಕೆ ಸೊಪ್ಪು ಮಾರುವಾಕೆ "ಯಾವ ಲಾಟ್ರಿ ನಂಬರ್ರೀ ಅದು?" ಎಂದು ಕೇಳಿದ್ದಳು. ಬಾಗಿಲಿಗೆ ಕಾವಲು ಅಂದರೆ ಇದು ನೋಡಿ.

ಹೊಸ ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಬಂದದ್ದು ಕೆಂಪಕ್ಷರದಲ್ಲಿ ಇರುತ್ತಿತ್ತು, ಕೆಳಗೆ ಕನ್ನಡದಲ್ಲಿ ವಿವರಣೆ. ಪ್ರತಿ ರೋಗಿಯ ಫೋನಿಗೂ ಅವರವರ ರಿಪೋರ್ಟಿನ ಲಿಂಕು ಹೋಗುತ್ತಿತ್ತು. ಆದರೆ ಹಳ್ಳಿಯ ಎಷ್ಟೋ ಜನರ ಹತ್ತಿರ ಲಿಂಕು ತೆರೆಯುವ ಫೋನಿಲ್ಲ, ಇದ್ದವರಿಗೆ ತೆರೆಯಲು ಬರುವುದಿಲ್ಲ. ಅವರೆಲ್ಲ ಕುರುಗೋಡಿನ ಅಣ್ಣನ ಬಾಗಿಲಿಗೇ ಬರುತ್ತಿದ್ದರು, ಅಣ್ಣ ನನಗೆ ಫೋನ್ ಮಾಡುತ್ತಿದ್ದರು. ಅಂಥ ಒಂದು ದಿನ, ಕೌಂಟರಿನಲ್ಲಿ ಜನ, ಇತ್ತ ಮೆಷಿನ್ ಕೈಕೊಟ್ಟಿದೆ, ಅಣ್ಣನದು ಆವತ್ತಿನ ಐದನೆಯ ಫೋನು. "ತಂಗೆವ್ವಾ, ಮಂದಿ ಬೈಯಾಕ ಹತ್ಯಾರ, ಏನ್ ಮಾಡ್ಲಿ?" ಅಂದರು. ನಾನು ಏನೋ ಹೇಳಿ ಫೋನ್ ಕುಕ್ಕಿದೆ. ಏನು ಹೇಳಿದೆ ಎನ್ನುವುದು ಮರುಗಳಿಗೆಗೇ ಮರೆತುಹೋಯಿತು. ಸಿಟ್ಟಿನವರ ಹಣೆಬರಹವೇ ಅಷ್ಟು, ಆಡಿದವರಿಗೆ ನೆನಪಿರುವುದಿಲ್ಲ.

ಆಮೇಲೆ ಲ್ಯಾಬಿಗೆ ಗುಣಮಟ್ಟದ ಸರ್ಟಿಫಿಕೇಟು ಬೇಕೆಂದು ಡಾಕ್ಟರು ಓಡಾಡಿದರು. ಅದಕ್ಕೆ ಸಿಬ್ಬಂದಿಯೆಲ್ಲರ ರಕ್ತ ಪರೀಕ್ಷೆಯಾಗಬೇಕಿತ್ತು. ನಾವೆಲ್ಲ ಒಬ್ಬರಿಗೊಬ್ಬರು ಚುಚ್ಚಿಕೊಂಡೆವು, ನಕ್ಕೆವು. ಹೆಸರು, ವಯಸ್ಸು, ಊರು ಎಂದು ಕಂಪ್ಯೂಟರಿಗೆ ತುಂಬಿದವಳು ನಾನು. ಆಕೆಯ ಊರಿನ ಜಾಗದಲ್ಲಿ ತೆಕ್ಕಲಕೋಟೆ ಎಂದು ತುಂಬಿದೆ, ಎಲ್ಲ ರೋಗಿಗಳಿಗೂ ತುಂಬುವ ಹಾಗೆಯೇ.

ಆಕೆಯ ರಕ್ತದಲ್ಲಿ ಹೆಪಟೈಟಿಸ್ ಬಿ ಬಂತು. ನಂಬದೆ ಇನ್ನೊಮ್ಮೆ ಪರೀಕ್ಷಿಸಿದೆ, ಮತ್ತೆ ಬಂತು. ಆಕೆಯನ್ನು ಬಳ್ಳಾರಿಗೆ ಕರೆಸಿ, ಬಾಗಿಲು ಹಾಕಿಕೊಂಡು ಹೇಳಿದೆ. ಆಕೆ ಅಳಲಿಲ್ಲ. "ಹಿಂದಕ ಒಂದ ಸಲ ಬಳಸಿದ ಸೂಜಿ ಬೆರಳಿಗೆ ಚುಚ್ಚಿತ್ತಲ್ರಿ, ಅದರಿಂದನ ಬಂತೇನ್ರಿ?" ಎಂದು ಮಾತ್ರ ಕೇಳಿದಳು. ನನಗೆ ನೆನಪಿತ್ತು. ಆವತ್ತು ಸ್ಪಿರಿಟ್ ಹಚ್ಚಿಕೋ ಎಂದು ಹೇಳಿ ನಾನು ಮುಂದಿನ ಕೆಲಸ ನೋಡಿದ್ದೆ. ಸೂಜಿಯಿಂದಲೇ ಬಂತೆಂದು ಯಾರೂ ಹೇಳಲಾರರು, ಹುಟ್ಟಿದಾಗಿನಿಂದ ಇದ್ದರೂ ಇರಬಹುದು. ಆದರೆ ದಿನವೆಲ್ಲ ರಕ್ತ ಮುಟ್ಟುವವರಿಗೆ ಮೊದಲೇ ಹಾಕಿಸಬೇಕಾದ ಲಸಿಕೆಯೊಂದಿದೆ. ಅದನ್ನು ನಮ್ಮ ಲ್ಯಾಬು ಆಕೆಗೆ ಹಾಕಿಸಿರಲಿಲ್ಲ.

ಲಿವರಿನ ಡಾಕ್ಟರು ನೋಡಿದರು. ಈಗ ಏನೂ ತೊಂದರೆ ಇಲ್ಲ, ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು, ಗ್ಲೌಸ್ ಹಾಕಿಕೊಂಡು ಪ್ರತಿಯೊಬ್ಬರಿಗೂ ಹೊಸ ಸೂಜಿ ಬಳಸಿದರೆ ರೋಗಿಗಳಿಗೆ ಆಕೆಯಿಂದ ಹೆದರಿಕೆ ಇಲ್ಲ, ಕೆಲಸ ಮಾಡಬಹುದು ಎಂದು ಬರೆದುಕೊಟ್ಟರು. ಇದು ಜೊತೆಗೆ ಕೂತು ಉಂಡರೆ ಬರುವ ರೋಗವಲ್ಲ, ಕೈ ಮುಟ್ಟಿದರೆ ಬರುವುದಲ್ಲ, ನೀರು ಕೊಟ್ಟರೆ ಬರುವುದಲ್ಲ. ಆಕೆ ಬರೆಯಲು ಹೇಳಿದ್ದು ಇದನ್ನೇ, ಹಾಗಾಗಿ ಬರೆದಿದ್ದೇನೆ. ಗೊತ್ತಿದ್ದದ್ದು ಆಕೆಗೆ, ನನಗೆ, ನಮ್ಮ ಡಾಕ್ಟರಿಗೆ, ಆ ಡಾಕ್ಟರಿಗೆ. ಹಾಗೆಂದು ನಾನು ಅಂದುಕೊಂಡಿದ್ದೆ.

ಹದಿನೈದು ದಿನ ಕಳೆದಿರಬಹುದು, ಬೆಳಿಗ್ಗೆ ಆಕೆಯ ಫೋನು ಬಂತು. ನಂಬರ್ ಕೇಳಲು ಎಂದುಕೊಂಡು ಆರು ಅಂಕಿ ಓದತೊಡಗಿದೆ. "ನಂಬರ್ ಬ್ಯಾಡ್ರಿ ಅಕ್ಕಾರ" ಅಂದಳು. "ಯಾರೂ ತೋಳು ಕೊಡವಲ್ರು."

"ಅಂದ್ರ?"

"ಮುಂಜಾನಿಂದ ಹನ್ನೊಂದು ಮಂದಿ ಬಂದಾರ. ಬೇರೆದವರು ಅದಾರೇನು ಅಂತ ಕೇಳತಾರ, ಹೋಗತಾರ. ಒಬ್ಬಾಕಿ ಅಂತೂ ಬಾಯಿಬಿಟ್ಟ ಅಂದ್ಳು, ನಿನಗ ಹರಡೋ ರೋಗ ಐತಂತ, ಫೋನಿನಾಗ ಬಂದೈತಿ ಅಂತ."

ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟೆ. ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದೆ. ಆಕೆ ಬಿಳಿ ಕೋಟು ಹಾಕಿಕೊಂಡು, ಟ್ಯೂಬುಗಳನ್ನು ಸಾಲಾಗಿ ಜೋಡಿಸಿಕೊಂಡು, ಖಾಲಿ ಕುರ್ಚಿಯ ಎದುರು ಕೂತಿದ್ದಳು. ಊರಿನವರೊಬ್ಬರು ಕಳಿಸಿದ್ದನ್ನು ತನ್ನ ಫೋನಿನಲ್ಲಿ ತೋರಿಸಿದಳು. ಆಕೆಯದೇ ರಿಪೋರ್ಟು. ಹೆಸರಿನ ಕೆಳಗೆ ಕೆಂಪಕ್ಷರ, ಅದರ ಕೆಳಗೆ ಕನ್ನಡ. ತೆಕ್ಕಲಕೋಟೆಯ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಒಂದು ಲಿಂಕು ಬಂದಿತ್ತು, ಅದನ್ನು ಒತ್ತಿದರೆ ಆ ಊರಿನವರ ರಿಪೋರ್ಟುಗಳೆಲ್ಲ ಒಂದೇ ಕಡೆ ಕಾಣುತ್ತಿದ್ದವು. ನಾನು ಅಲ್ಲಿಂದಲೇ ಕಂಪನಿಯವರಿಗೆ ಫೋನ್ ಮಾಡಿ ಲಿಂಕು ಮುಚ್ಚಿಸಿದೆ. ಮುಚ್ಚಿಸಿ ಏನು ಬಂತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಷ್ಟು ಫೋನುಗಳಲ್ಲಿ ಅದು ಉಳಿದಿತ್ತೋ.

ಬಳ್ಳಾರಿಗೆ ವಾಪಸ್ ಬಂದರೆ ಡಾಕ್ಟರು ತೀರ್ಪು ಬರೆದಿಟ್ಟುಕೊಂಡೇ ಕೂತಿದ್ದರು. "ಆಕಿ ಸೆಂಟರಿನಾಗ ಗ್ವಾಡಿಗೆ ಪಾಸ್‌ವರ್ಡ್ ಅಂಟಿಸ್ಯಾಳಂತ. ಬಂದವರು ಹೋದವರು ನೋಡಿರತಾರ. ತನ್ನ ಕಾಲ ಮ್ಯಾಲ ತಾನ ಕಲ್ಲು ಹಾಕ್ಕೊಂಡಾಳ. ಒಂದು ತಿಂಗಳ ನೋಡಿಕೊಂಡು ಕೆಲಸಾ ಬಿಡಿಸಿಬಿಡೋಣು. ಮಂದಿ ತೋಳು ಕೊಡಲಿಲ್ಲ ಅಂದ್ರ ಸೆಂಟರ್ ನಡಿಯೋದು ಹೆಂಗ?" ಅಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಎಲ್ಲಿತ್ತೋ ರೋಷ. "ಸಾರ್, ಆ ಚೀಟಿ ಬರದಾಕಿ ನಾನು. ಅಂಟಿಸು ಅಂತ ಹೇಳಿದಾಕಿನೂ ನಾನು. ಒಂದ ಕೀಲಿ ಸಾಕು ಅಂದವರು ನೀವು. ಆಕಿ ಮಾಡಿದ್ದು ಏನೈತಿ, ಹೇಳಿದಂಗ ಕೇಳಿದ್ದು ತಪ್ಪೇನು?" ಅಂದೆ. ಇಷ್ಟು ವರ್ಷಗಳಲ್ಲಿ ನಾನು ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದು ಒರೆಸಿದರು. "ಹಂಗಾದ್ರ ಲಿಂಕ್ ಮಾಡಿದವರು ಯಾರಂತ ಹುಡುಕಿಕೊಂಡು ಬರ್ರಿ" ಅಂದರು.

ಹುಡುಕುವುದೇನಿತ್ತು? ಊರಿಗೊಂದು ಗಂಟು ಕಟ್ಟುವ ಬುದ್ಧಿ ಈ ಭೂಮಿಯ ಮೇಲೆ ಒಬ್ಬರಿಗೇ ಇರುವುದು. ಮರುದಿನ ಕುರುಗೋಡಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ. ಹುಟ್ಟಿದ್ದಕ್ಕೆ ನಾಚಿಕೆಯಾಗುವ ಹಾಗೆ ಬೈಯಬೇಕು ಎಂದುಕೊಂಡಿದ್ದೆ. ಅಣ್ಣ ಒಂದು ಮಗುವಿನ ಬೆರಳಿಗೆ ಹತ್ತಿ ಒತ್ತುತ್ತಿದ್ದರು. ನನ್ನ ಮುಖ ನೋಡಿ ಅವರಾಗಿಯೇ ಎದ್ದು ಬಂದರು. ಕುರುಗೋಡಿಗೂ ಸುದ್ದಿ ಮುಟ್ಟಿತ್ತು.

"ನಾನ ಮಾಡೀನಿ ತಂಗೆವ್ವಾ" ಅಂದರು, ನಾನು ಬಾಯಿ ತೆರೆಯುವ ಮೊದಲೇ. "ಆ ಕಂಪ್ಯೂಟರಿನಾಗ ಊರಿನ ಹೆಸರು ಹೊಡದ್ರ ಆ ಊರಿನವೆಲ್ಲಾ ಒಂದ ಕಡೀಗೆ ಬರತಾವಲ್ಲ, ಅದಕ್ಕೊಂದು ಲಿಂಕ್ ಮಾಡಾಕ ಬರತೈತಿ, ಹೊಸಾವು ಬಂದಂಗ ತಾವ ಅದರಾಗ ಸೇರತಾವ. ಊರಿಗೊಂದು ಮಾಡಿದೆ. ಸಿರುಗುಪ್ಪದ ಕಡೀ ಊರೂ ಕಂಡುವು, ಅಲ್ಲಿ ಮಂದಿಗೂ ಅನುಕೂಲ ಆಗಲಿ ಅಂತ ಅವನ್ನೂ ಮಾಡಿದೆ. ತೆಕ್ಕಲಕೋಟ್ಯಾಗ ನಮ್ಮ ಬೀಗರು ಅದಾರ, ಅವರಿಗೆ ಕಳಿಸಿದೆ. ಅವರು ಊರಿನ ಗ್ರೂಪಿನಾಗ ಹಾಕ್ಯಾರ. ನಮ್ಮ ಹುಡುಗಿದೂ ಅದರಾಗ ಇರತೈತಿ ಅಂತ ದೇವರಾಣೆ ನನಗ ಗೊತ್ತಿರಲಿಲ್ಲ."

"ಯಾರು ಹೇಳಿದ್ರು ನಿಮಗ ಮಾಡು ಅಂತ? ಬುದ್ಧಿ ಬ್ಯಾಡೇನು ಅಣ್ಣಾ? ಊರ ಮಂದಿಯ ರೋಗ ಊರಿಗೇ ಹಂಚೋದಾ?" ಎಂದು ಕೂಗಿದೆ.

ಅವರು ನನ್ನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಸುಟ್ಟದ್ದು. "ನೀನ ಹೇಳಿದೆಲ್ಲವ್ವಾ. ಆವತ್ತ ಫೋನಿನಾಗ. ತಲಿ ತಿನಬ್ಯಾಡ್ರಿ ಅಣ್ಣಾ, ಮೊದಲಿನಂಗ ಊರ ಗಂಟು ಕಟ್ಟಿ ಕೊಟ್ಟುಬಿಡ್ರಿ ಅಂದಿ. ಫೋನಿನಾಗ ಗಂಟು ಹೆಂಗ ಕಟ್ಟೋದು ಅಂತ ಎರಡು ದಿವಸ ಕುಂತು ಕಲತೀನಿ."

ಜೋಡಿಸಿಕೊಂಡು ಬಂದಿದ್ದ ಬೈಗುಳಗಳನ್ನೆಲ್ಲ ಹೊತ್ತುಕೊಂಡು ನಿಂತೆ. ಇಳಿಸಲು ಜಾಗವಿರಲಿಲ್ಲ. ಅಂದಿದ್ದೆ. ಆ ಮಾತು ಅವರು ಹೇಳಿದ ಕೂಡಲೇ ನನ್ನ ದನಿಯಲ್ಲೇ ಕಿವಿಗೆ ಬಂತು. ಅಣ್ಣ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು. ಕುಡಿದು ಬಸ್ ಸ್ಟ್ಯಾಂಡಿಗೆ ನಡೆದೆ.

ಲ್ಯಾಬಿಗೆ ಬಂದಾಗ ಆಕೆ ನನ್ನನ್ನು ಕಾಯುತ್ತ ಕೂತಿದ್ದಳು. ಸಿರುಗುಪ್ಪದಲ್ಲಿ ಆವತ್ತೂ ಯಾರೂ ತೋಳು ಕೊಟ್ಟಿರಲಿಲ್ಲ, ಮಧ್ಯಾಹ್ನಕ್ಕೇ ಬಾಗಿಲು ಹಾಕಿ ಬಂದಿದ್ದಳು. "ಅಕ್ಕಾರ, ಯಾರು ಯಾವ ರಿಪೋರ್ಟ್ ತೆರೀತಾರ ಅಂತ ಹೆಸರು ಬರಕೊಂತೈತಿ ಅಂತ ಆ ಇಂಜಿನಿಯರ್ ಹೇಳಿದ್ದ ಅಂತ ನೀವ ಹೇಳಿದ್ರಿ. ನನ್ನದು ಯಾರ್ಯಾರು ತೆರದು ನೋಡ್ಯಾರ, ಆ ಪಟ್ಟಿ ಕೊಡ್ರಿ. ಜಗಳಾಡಂಗಿಲ್ಲ. ಎದುರಿಗೆ ನಿಂತು ಯಾಕ ನೋಡಿದ್ರಿ ಅಂತ ಒಂದು ಮಾತು ಕೇಳತೀನಿ" ಅಂದಳು.

ಕೇಳಿದ್ದು ನ್ಯಾಯವಾಗಿತ್ತು. ಕಂಪ್ಯೂಟರ್ ಮುಂದೆ ಕೂತು ಆಕೆಯ ರಿಪೋರ್ಟಿನ ದಾಖಲೆ ತೆಗೆದು ಪ್ರಿಂಟ್ ಕೊಟ್ಟೆ. ಒಂದು ಹಾಳೆ ಬಂತು, ಎರಡು ಬಂತು, ಮೂರು ಬಂತು. ತಾರೀಖು, ವೇಳೆ, ಅದರ ಮುಂದೆ ತೆರೆದವರ ಹೆಸರು. ಮೊದಲ ಸಾಲಿನಲ್ಲಿ ನನ್ನ ಹೆಸರು. ಎರಡನೆಯದರಲ್ಲೂ ನನ್ನದೇ. ಬೆರಳಿಟ್ಟುಕೊಂಡು ಕೆಳಗಿಳಿದೆ. ಲಿಂಕು ಯಾವ ಲಾಗಿನ್ನಿನಿಂದ ಹುಟ್ಟಿತ್ತೋ, ಅದನ್ನು ಒತ್ತಿದವರೆಲ್ಲರದೂ ಆ ಲಾಗಿನ್ನಿನ ಹೆಸರಿನಲ್ಲೇ ದಾಖಲಾಗಿತ್ತು. ಊರಿನ ಒಬ್ಬರ ಹೆಸರೂ ಇಲ್ಲ, ಅಣ್ಣನದೂ ಇಲ್ಲ, ಅವರ ಬೀಗರದೂ ಇಲ್ಲ. ಮೂರು ಹಾಳೆಯ ತುಂಬ ನಾನೇ. ಬೆಳಿಗ್ಗೆ ನಾನು, ಮಧ್ಯಾಹ್ನ ನಾನು, ಒಂದೇ ನಿಮಿಷದಲ್ಲಿ ನಾಲ್ಕು ಸಲ ನಾನು. ಪರದೆಯ ಮೂಲೆಯಲ್ಲಿ ಆ ಹೆಸರು ನೋಡಿ ಉಬ್ಬಿದ್ದೆನಲ್ಲ, ಈಗ ತಗೋ.

ಆಕೆ ಹಾಳೆಗಳನ್ನು ಒಂದೊಂದಾಗಿ ಓದಿದಳು. ಓದಿ ಮುಗಿಸಿ, ನನ್ನ ಮುಖ ನೋಡದೆ, "ಇಷ್ಟು ಸಲ ನೀವ ನೋಡೀರೇನ್ರಿ?" ಎಂದಳು. ವ್ಯಂಗ್ಯವೋ, ನಿಜವಾದ ಪ್ರಶ್ನೆಯೋ, ನನಗೆ ಇವತ್ತಿಗೂ ತಿಳಿದಿಲ್ಲ.

ಅಲ್ಲ ಅನ್ನಬಹುದಿತ್ತು. ಆಡಿದ ಮಾತು, ಬರೆದ ಚೀಟಿ, ಓದಿ ಹೇಳಿದ ನಂಬರುಗಳು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಸೀದಾ ಪೆನ್ನು ತೆಗೆದುಕೊಂಡು ಕೊನೆಯ ಹಾಳೆಯ ಕೆಳಗೆ ಬರೆದೆ: ಈ ಲಾಗಿನ್ ನನ್ನದು. ಇದರ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಲು ಹೇಳಿದವಳು ನಾನು. ಊರಿನವರ ರಿಪೋರ್ಟುಗಳನ್ನು ಒಂದೇ ಗಂಟು ಕಟ್ಟಿ ಕೊಡಲು ಹೇಳಿದವಳೂ ನಾನು. ಸಿರುಗುಪ್ಪದ ಸೆಂಟರಿನವರ ತಪ್ಪು ಇದರಲ್ಲಿ ಏನೂ ಇಲ್ಲ. ಕೆಳಗೆ ಸಹಿ ಹಾಕಿ ಆಕೆಗೆ ಕೊಟ್ಟೆ. ಬಿಕ್ಕಿ ಬಿಕ್ಕಿ ಅತ್ತದ್ದು ನಾನು, ಆಕೆಯಲ್ಲ. ಆಕೆ ಹಾಳೆಗಳನ್ನು ಮಡಚಿ ಟಿಫಿನ್ ಚೀಲದಲ್ಲಿ ಇಟ್ಟುಕೊಂಡು ಬಸ್ಸಿಗೆ ಹೋದಳು.

ಮರುದಿನ ಡಾಕ್ಟರಿಗೆ ಸುದ್ದಿ ಹೋಯಿತು. ಆಕೆ ಆ ಕೊನೆಯ ಹಾಳೆಯನ್ನು ಸೆಂಟರಿನ ಗೋಡೆಗೆ ಅಂಟಿಸಿದ್ದಳು, ಪಾಸ್‌ವರ್ಡಿನ ಚೀಟಿ ಇದ್ದ ಜಾಗದಲ್ಲೇ. ಪಕ್ಕದಲ್ಲಿ ಲಿವರಿನ ಡಾಕ್ಟರು ಬರೆದುಕೊಟ್ಟ ಕಾಗದ. ಇನ್ನು ಮುಚ್ಚಿಡುವುದೇನು ಉಳಿದಿದೆ ಎಂದು ಅದನ್ನೂ ತಾನೇ ಹಾಕಿದ್ದಳು.

"ಅಮ್ಮಾ, ಏನ್ ಮಾಡೀರಿ ಇದು? ನಮ್ಮ ಲ್ಯಾಬಿನ ಮರ್ಯಾದಿ ಹೋತು!" ಎಂದು ಡಾಕ್ಟರು ಕೂಗಿದರು. "ಫೋನ್ ಹಚ್ಚಿ ತಗಿಸ್ರಿ ಅದನ್ನ!"

"ಆಕಿದು ಹೋದಾಗ ನಿಮಗ ಮರ್ಯಾದಿ ನೆನಪಾಗಲಿಲ್ಲೇನು ಸಾರ್?" ಅಂದೆ. "ತಗಿಸಂಗಿಲ್ಲ. ಆಕಿನ ಬಿಡಿಸಿದ್ರ ನನ್ನೂ ಬಿಡಿಸ್ರಿ. ಇವತ್ತ ಆ ಇಂಜಿನಿಯರಿಗೆ ಫೋನ್ ಹಚ್ಚಿ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಮಾಡಸ್ರಿ. ಅದಾದ ಮ್ಯಾಲ ನಾನು ಕುರ್ಚಿ ಮ್ಯಾಲ ಕುಂದರತೀನಿ." ಅಷ್ಟು ಹೇಳಿ ಹೊರಗೆ ಬಂದು ರೋಗಿಗಳ ಬೆಂಚಿನ ಮೇಲೆ ಕೂತುಬಿಟ್ಟೆ. ಹಟಮಾರಿ ಎಂದು ನಮ್ಮವ್ವ ಬೈಯುತ್ತಿದ್ದದ್ದು ಸುಳ್ಳಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಡಾಕ್ಟರು ಫೋನ್ ಮಾಡಿದರು. ನಾಲ್ಕು ದಿನದಲ್ಲಿ ಎಲ್ಲರಿಗೂ ಬೇರೆ ಬೇರೆ ಲಾಗಿನ್ ಆಯಿತು, ಓಟಿಪಿ ಅವರವರ ಫೋನಿಗೇ ಬರತೊಡಗಿತು. ಊರ ಲಿಂಕುಗಳೆಲ್ಲ ಮುಚ್ಚಿದವು. ಫೋನಿಲ್ಲದವರಿಗೆ ಮೊದಲಿನ ಹಾಗೆ ಕಾಗದ, ಆದರೆ ಲಕೋಟೆಯಲ್ಲಿ ಹಾಕಿ, ಅಂಟಿಸಿ. ಇದನ್ನೆಲ್ಲ ಮೊದಲ ದಿನವೇ ಮಾಡಬಹುದಿತ್ತು. ನಾಲ್ಕೇ ದಿನದ ಕೆಲಸಕ್ಕೆ ಒಬ್ಬಳ ಆರು ವರ್ಷದ ಹೆಸರು ಬಲಿಯಾಗಬೇಕಾಯಿತು!

ಆದರೆ ಸಿರುಗುಪ್ಪದ ಕುರ್ಚಿ ಖಾಲಿಯೇ ಇತ್ತು. ಡಾಕ್ಟರು ಹೇಳಿದ ಒಂದು ತಿಂಗಳಲ್ಲಿ ಆಗಲೇ ಒಂದು ವಾರ ಕಳೆದಿತ್ತು. ಹೊಸ ಲಾಗಿನ್ ಆದ ಮರುದಿನ ನಾನು ಸಿರುಗುಪ್ಪಕ್ಕೆ ಹೋದೆ. ಅಲ್ಲಿ ಬೆಂಚಿನ ಮೇಲೆ ಆರೇಳು ಜನ ಕೂತಿದ್ದರು. ಬಳ್ಳಾರಿಯಿಂದ ಬೇರೆಯವರು ಬರುತ್ತಾರಂತೆ ಎಂದು ಯಾರೋ ಹೇಳಿದ್ದರಂತೆ, ಅದಕ್ಕೇ ಕಾಯುತ್ತಿದ್ದರು. ಒಬ್ಬ ಮುದುಕಪ್ಪ ಗೋಡೆಯ ಮೇಲಿನ ಹಾಳೆಯನ್ನು ಅಕ್ಷರ ಕೂಡಿಸಿಕೊಂಡು ಜೋರಾಗಿ ಓದುತ್ತಿದ್ದ. ನನ್ನ ಬಿಳಿ ಕೋಟು ನೋಡಿ "ಬಂದ್ರು ನೋಡು" ಎಂದು ಒಬ್ಬಾಕೆ ಆಗಲೇ ಕುಪ್ಪಸದ ತೋಳು ಮೇಲೇರಿಸಿಕೊಂಡು ಎದ್ದಳು.

"ನಾನು ರಕ್ತ ತಗಿಯಾಕ ಬಂದಿಲ್ಲವ್ವಾ, ಕೊಡಾಕ ಬಂದೀನಿ" ಅಂದೆ. ಕೋಟು ಕಳಚಿ ಬೆಂಚಿನ ಮೇಲಿಟ್ಟೆ. ಮುದುಕಪ್ಪನಿಗೆ, "ಆ ಹಾಳ್ಯಾಗಿನ ಸಹಿ ನಂದ, ಓದ್ರಿ, ಪೂರಾ ಓದ್ರಿ" ಎಂದು ಹೇಳಿ ಖಾಲಿ ಕುರ್ಚಿಯಲ್ಲಿ ಕೂತು ತೋಳು ಚಾಚಿದೆ.

ಆಕೆ ನನ್ನನ್ನು ನೋಡಿ ನಗಲಿಲ್ಲ, ಅಕ್ಕಾರ ಅನ್ನಲೂ ಇಲ್ಲ. ಹೊಸ ಗ್ಲೌಸ್ ಹಾಕಿಕೊಂಡಳು. ಸೂಜಿಯ ಪಾಕೀಟನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಹರಿದಳು. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ "ಮುಷ್ಟಿ ಹಿಡೀರಿ" ಅಂದಳು. ಹಿಡಿದೆ. ಇರುವೆ ಕಡಿದಷ್ಟೂ ಆಗಲಿಲ್ಲ. ತೋಳು ಏರಿಸಿಕೊಂಡು ಎದ್ದಿದ್ದ ಹೆಂಗಸು ಹಾಗೆಯೇ ನಿಂತು ನೋಡುತ್ತಿದ್ದಳು, ಕೂತುಕೊಳ್ಳಲಿಲ್ಲ, ಹೊರಗೂ ಹೋಗಲಿಲ್ಲ. ಆಕೆ ಟ್ಯೂಬಿನ ಮೇಲೆ ನನ್ನ ಹೆಸರು ಬರೆದಳು, ವಯಸ್ಸು ಕೇಳಿ ಬರೆದಳು, ಊರು ಬರೆದಳು.

ಆಮೇಲೆ ಪೆನ್ನು ಹಿಡಿದುಕೊಂಡೇ ತಲೆ ಎತ್ತಿದಳು. "ನಿಮ್ಮ ರಿಪೋರ್ಟ್ ಯಾರ ಕೈಯಾಗ ಕೊಡಬೇಕ್ರಿ?" ಎಂದು ಕೇಳಿದಳು.

ಇಷ್ಟು ವರ್ಷ ರಕ್ತ ತೆಗೆದಿದ್ದೇನೆ, ಒಬ್ಬರನ್ನೂ ನಾನು ಕೇಳಿರದ ಮಾತು ಅದು.

"ನನ್ನ ಕೈಯಾಗ" ಅಂದೆ. "ನನ್ನ ಕೈಯಾಗ ಅಷ್ಟ."

ಆಕೆ ಅದನ್ನು ಬರೆದುಕೊಂಡು, ನಿಂತಿದ್ದ ಹೆಂಗಸಿನ ಕಡೆ ತಿರುಗಿ, "ಬರ್ರಿ" ಅಂದಳು.